ಹಳೆಯ ಕಾರಿನ ನೆಪದಲ್ಲಿ ಪೋರ್ಷೆ

ಶಿವಮೊಗ್ಗದ ಮಳೆಗಾಲದಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ನೋಡಿಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ನಮ್ಮ ಊರಿನವರಿಗೆ ಹೇಳಬೇಕಾದುದಿಲ್ಲ. ಹೀಗಿದ್ದರೂ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡಿರುವ ನಾನು ಆರು ವರ್ಷಗಳ ಹಿಂದೆ 1960ರ ದಶಕದ ಒಂದು ಫೋಕ್ಸ್‌ವ್ಯಾಗನ್ ಬೀಟಲ್ ಕಾರನ್ನು ಕೊಂಡೆ. ಮನಸ್ಸಿನಲ್ಲಿದ್ದುದು ಅದರ ತಮ್ಮನಾದ ಪೋರ್ಷೆ 356 ಎಂಬ ಕ್ರೀಡಾ ಕಾರು. ಉಪನ್ಯಾಸಕನ ಸಂಬಳಕ್ಕೆ ಅದು ಏಳು ಜನ್ಮಕ್ಕೂ ಎಟುಕುವ ವಸ್ತುವಲ್ಲ. ಎರಡರ ಬೆನ್ನಿನಲ್ಲಿಯೂ ಇರುವುದು ಒಂದೇ ವಂಶದ, ನೀರಿನ ಹಂಗಿಲ್ಲದೆ ಗಾಳಿಯಿಂದಲೇ ತಣಿಯುವ ಇಂಜಿನು ಎಂಬ ಸಮಾಧಾನದಿಂದ ಅಣ್ಣನನ್ನು ಮನೆಗೆ ಕರೆತಂದೆ.

ಆ ಉತ್ಸಾಹದಲ್ಲಿ ಅದೇ ವರ್ಷ ವಿದ್ಯಾರ್ಥಿಗಳ ಮುಂದೆ ಈ ಕಾರುಗಳ ಶಿಲ್ಪಿಯಾದ ಫರ್ಡಿನಾಂಡ್ ಪೋರ್ಷೆಯನ್ನು ಕುರಿತು ಒಂದು ಗಂಟೆ ಮಾತನಾಡಿದೆ. ಚಪ್ಪಾಳೆಯೂ ಬಿತ್ತು. ಅಂದು ನಾನು ಹೇಳಿದುದರಲ್ಲಿ ಸುಳ್ಳಿರಲಿಲ್ಲ. ಹೇಳದೆ ಬಿಟ್ಟುದರಲ್ಲಿ ಇತ್ತು. ಆ ಜೀವನವನ್ನು ಇನ್ನೊಮ್ಮೆ ಹೇಳಬೇಕಾದ ಋಣ ನನ್ನ ಮೇಲಿದೆ.

ಪೋರ್ಷೆ ಹುಟ್ಟಿದುದು 1875ರ ಸೆಪ್ಟೆಂಬರ್ 3ರಂದು, ಬೊಹೀಮಿಯದ ಮಾಫರ್ಸ್‌ಡಾರ್ಫ್ ಎಂಬ ಊರಿನಲ್ಲಿ. ಅದು ಆಗ ಆಸ್ಟ್ರಿಯದ ಚಕ್ರವರ್ತಿಯ ಆಳ್ವಿಕೆಗೆ ಸೇರಿತ್ತು. ತಂದೆಯದು ತಗಡಿನ ಕೆಲಸ. ಹಿರಿಯ ಮಗ ದುಡಿಮೆಯ ನಡುವೆ ಅಪಘಾತದಲ್ಲಿ ತೀರಿಕೊಂಡಮೇಲೆ ಕಸುಬಿನ ನೊಗ ಫರ್ಡಿನಾಂಡನ ಹೆಗಲಿಗೆ ಬಿತ್ತು. ಹುಡುಗನಿಗಾದರೋ ತಗಡಿಗಿಂತ ವಿದ್ಯುತ್ತಿನ ಹುಚ್ಚು. ಹದಿಹರೆಯದಲ್ಲಿಯೇ ತನ್ನ ಮನೆಗೆ ವಿದ್ಯುದ್ದೀಪ ಹಾಕಿದ. ಹದಿನೆಂಟನೆಯ ವಯಸ್ಸಿನಲ್ಲಿ ವಿಯೆನ್ನಕ್ಕೆ ಹೋಗಿ ಒಂದು ವಿದ್ಯುತ್ ಕಂಪೆನಿಯಲ್ಲಿ ಕೆಲಸಕ್ಕೆ ಸೇರಿದ; ಬಿಡುವಾದಾಗ ಅಲ್ಲಿನ ತಾಂತ್ರಿಕ ವಿದ್ಯಾಲಯದಲ್ಲಿ, ದಾಖಲಾತಿಯಿಲ್ಲದೆಯೇ, ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ಕೇಳಿದ. ಪದವಿಯೆಂಬುದನ್ನು ಓದಿ ಪಡೆಯಲೇ ಇಲ್ಲ. ಅದೇ ವಿಯೆನ್ನದ ವಿದ್ಯಾಲಯ 1917ರಲ್ಲಿ ಆತನಿಗೆ ಗೌರವ ಡಾಕ್ಟರೇಟನ್ನು ಕೊಟ್ಟಿತು.

1900ರ ಪ್ಯಾರಿಸ್ ಪ್ರದರ್ಶನದಲ್ಲಿ ಆತನ ವಿದ್ಯುತ್ ಗಾಡಿಯನ್ನು ಜನ ಮುಗಿಬಿದ್ದು ನೋಡಿದರು. ಅದರ ಮೋಟಾರುಗಳು ಚಕ್ರದ ಗುಂಭದಲ್ಲಿಯೇ ಇದ್ದವು. ವಿದ್ಯುತ್ ಕಾರಿನ ಮಾತು ಮನೆಮನೆಯಲ್ಲಿರುವ ಈ ದಿನಗಳಲ್ಲಿ ಇದನ್ನು ನೆನೆಯುವುದು ಸ್ವಾರಸ್ಯವಾಗಿದೆ. ತರುವಾಯ ಆಸ್ಟ್ರೊ-ಡೈಮ್ಲರ್, ಡೈಮ್ಲರ್, ಸ್ಟೈರ್ ಎಂದು ಕಂಪೆನಿಯಿಂದ ಕಂಪೆನಿಗೆ ನಡೆದ. ಎಲ್ಲಿಯೂ ಆಡಳಿತದವರೊಡನೆ ಹೆಚ್ಚು ಕಾಲ ಹೊಂದಿಕೆಯಾಗಲಿಲ್ಲ, ಮುಂಗೋಪಿಯೆಂದು ಹೆಸರಾಗಿದ್ದ. ಕೊನೆಗೆ 1931ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಸ್ವಂತ ವಿನ್ಯಾಸ ಸಂಸ್ಥೆಯನ್ನು ತೆರೆದ. ಪಾಲುದಾರರು ಇಬ್ಬರು: ಅಳಿಯ ಆಂಟನ್ ಪೀಯೆಖ್, ಮತ್ತು ಅಡಾಲ್ಫ್ ರೋಸೆನ್‌ಬರ್ಗರ್ ಎಂಬ ಯೆಹೂದಿ. ಈತ ಹೆಸರಾಂತ ಪಂದ್ಯಚಾಲಕ. ಸಂಸ್ಥೆಗೆ ಹಣ ತಂದವನು, ವ್ಯವಹಾರ ನೋಡಿಕೊಂಡವನು. ನನ್ನ ಅಂದಿನ ಭಾಷಣದಲ್ಲಿ ಈ ಹೆಸರು ಬಂದಿರಲಿಲ್ಲ. ನನಗೆ ಗೊತ್ತಿರಲೂ ಇಲ್ಲ. ಗೊತ್ತಾದುದು ಕಾರು ಕೆಟ್ಟು ನಿಂತು, ಅದರ ಚರಿತ್ರೆಯನ್ನು ಓದಲು ಬಿಡುವು ದೊರೆತಾಗ.

ಕೆಟ್ಟ ಕಥೆಯನ್ನೂ ಹೇಳಿಬಿಡುತ್ತೇನೆ. ಈ ಕಾರನ್ನು ಕೊಳ್ಳುವವರು ಮೊದಲು ಹಿಂದಿನ ಸೀಟನ್ನು ಎತ್ತಿ ನೋಡಬೇಕು. ಬ್ಯಾಟರಿ ಇರುವುದು ಅಲ್ಲಿ. ಅದರ ಆಮ್ಲ ಸೋರಿ ಕೆಳಗಿನ ತಗಡನ್ನು ತಿಂದಿರುತ್ತದೆ. ನಾನು ಬಣ್ಣವನ್ನು ನೋಡಿದೆ, ಸೀಟನ್ನು ಎತ್ತಲಿಲ್ಲ. ಮಾರಿದವರಿಗೆ ಇದು ತಿಳಿದಿತ್ತೆಂದು ಈಗ ಅರ್ಥವಾಗುತ್ತದೆ. ಮೊದಲ ಮಳೆಗಾಲದಲ್ಲಿಯೇ ಬ್ಯಾಟರಿಯ ಅಡಿಯಿಂದ ನೆಲ ಕಾಣಿಸಿತು. ತಗಡು ಬೆಸೆದು, ಇಂಜಿನನ್ನು ಬಿಚ್ಚಿ ನನಗೆ ಪಾಠ ಹೇಳಿದವರು ಭದ್ರಾವತಿಯ ಒಬ್ಬ ನಿವೃತ್ತ ಟರ್ನರು. ಉಕ್ಕಿನ ಕಾರ್ಖಾನೆಯಲ್ಲಿ ಲೇತಿನ ಮುಂದೆ ಮೂವತ್ತು ವರ್ಷ ನಿಂತವರು. ನನ್ನನ್ನು ಮೇಷ್ಟ್ರೇ ಎಂದು ಕರೆಯುತ್ತಾರೆ, ಬೈಯುವಾಗಲೂ.

ಈ ಇಂಜಿನಿಗೆ ರೇಡಿಯೇಟರ್ ಇಲ್ಲ. ನಾಲ್ಕು ಸಿಲಿಂಡರುಗಳು ಎರಡೆರಡಾಗಿ ಎದುರುಬದುರು ಮಲಗಿವೆ. ಅವುಗಳ ಮೈಮೇಲಿನ ರೆಕ್ಕೆಗಳ ನಡುವೆ ಒಂದು ಫ್ಯಾನು ಗಾಳಿಯನ್ನು ಊದುತ್ತದೆ. ಬೆಲ್ಟು ಹರಿಯಿತೋ ಡೈನಮೋ ನಿಂತು ಕೆಂಪು ದೀಪ ಹತ್ತುತ್ತದೆ. ಅದನ್ನು ಬರೀ ದೀಪವೆಂದು ಬಗೆದು ನಡೆಸಿದರೆ ಇಂಜಿನು ಬೆಂದುಹೋಗುತ್ತದೆ, ಏಕೆಂದರೆ ಫ್ಯಾನನ್ನು ತಿರುಗಿಸುವುದೂ ಅದೇ ಬೆಲ್ಟು. ತಣಿಸುವ ಕೆಲಸದಲ್ಲಿ ಎಣ್ಣೆಗೂ ಪಾಲಿದೆ. ಇರುವುದೋ ಎರಡೂವರೆ ಲೀಟರು ಮಾತ್ರ, ಆದಕಾರಣ ಅದನ್ನು ಬೇಗಬೇಗ ಬದಲಿಸಬೇಕು. ಮೂರನೆಯ ಸಿಲಿಂಡರಿಗೆ ಎಣ್ಣೆಯ ಕೂಲರು ಅಡ್ಡ ನಿಂತು ಗಾಳಿ ಕಡಿಮೆ. ಆದ್ದರಿಂದ ಟ್ಯಾಪೆಟ್‌ಗಳ ಸಂದನ್ನು, ಎಂದರೆ ಮಿಲಿಮೀಟರಿನ ಹತ್ತರಲ್ಲೊಂದು ಪಾಲನ್ನು, 5,000 ಕಿಲೋಮೀಟರಿಗೊಮ್ಮೆ, ಇಂಜಿನು ಪೂರ್ತಿ ತಣ್ಣಗಿರುವಾಗ ಸರಿಮಾಡಬೇಕು. ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರ್ ಕೊಳವೆಗಳು ಬಿರಿಯುತ್ತವೆ. ಅವನ್ನು ಬದಲಿಸದಿದ್ದರೆ ಬೆಂಕಿಯ ಭಯ.

ಗಾಳಿಯಿಂದ ತಣಿಸುವ ಈ ಉಪಾಯವೆಲ್ಲ ಪೋರ್ಷೆಯದೆಂದು ನಾನು ಭಾಷಣದಲ್ಲಿ ಹೇಳಿದ್ದೆ. ಅದು ಸರಿಯಲ್ಲ. ಟಾಟ್ರ ಕಂಪೆನಿಯ ಹಾನ್ಸ್ ಲೆಡ್ವಿಂಕನ ಗಾಳಿತಂಪಿನ ಕಾರುಗಳು ಆಗಲೇ ಓಡುತ್ತಿದ್ದವು. ಹಕ್ಕಿಗಾಗಿ ಹೂಡಿದ ವ್ಯಾಜ್ಯ ಜರ್ಮನರು ಆ ದೇಶವನ್ನು ಆಕ್ರಮಿಸಿದೊಡನೆ ನಿಂತುಹೋಯಿತು. ಪರಿಹಾರ ಸಂದದ್ದು 1965ರಲ್ಲಿ.

1934ರ ಜೂನಿನಲ್ಲಿ ಪೋರ್ಷೆಗೆ ಜನತಾ ಕಾರನ್ನು ರೂಪಿಸುವ ಒಪ್ಪಂದ ದೊರೆಯಿತು. ಬೆಲೆ 990 ಮಾರ್ಕನ್ನು ಮೀರಬಾರದೆಂದು ಹಿಟ್ಲರನ ಹಟ. ಮರುವರ್ಷ, ಎಂದರೆ 1935ರಲ್ಲಿ, ನಮ್ಮ ವಿಶ್ವೇಶ್ವರಯ್ಯನವರು ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಯೂರೋಪು ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ನೋಡಿಕೊಂಡು ಬಂದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಷ್ಟದಿಂದ ಎತ್ತಿ ನಿಲ್ಲಿಸಿದ ಅವರಿಗೆ ಈ ದೇಶದಲ್ಲಿಯೇ ಕಾರು ತಯಾರಾಗಬೇಕೆಂಬ ಆಸೆ. ಬ್ರಿಟಿಷರ ವಿರೋಧದಿಂದ ಯೋಜನೆ ಕೈಗೂಡಲಿಲ್ಲ. ಅದು ಕೈಗೂಡಿದ್ದರೆ ನೀವು ಜರ್ಮನರ ತುಕ್ಕನ್ನು ಕೆರೆಯಬೇಕಾಗಿರಲಿಲ್ಲವೆಂದು ನಮ್ಮ ಟರ್ನರು ನನ್ನನ್ನು ಹಂಗಿಸುವುದುಂಟು.

ಅದೇ 1935ರಲ್ಲಿ ರೋಸೆನ್‌ಬರ್ಗರನ ಪಾಲನ್ನು ಮುಖಬೆಲೆಗಷ್ಟೇ ಪಡೆದು ಆತನನ್ನು ಸಂಸ್ಥೆಯಿಂದ ಕಳುಹಿಸಲಾಯಿತು. ಕೆಲವೇ ವಾರಗಳಲ್ಲಿ ಪೊಲೀಸರು ಆತನನ್ನು ಹಿಡಿದು ಕಿಸ್ಲೌ ಶಿಬಿರಕ್ಕೆ ಹಾಕಿದರು. ಬಿಡುಗಡೆಯಾಗಿ, ಕೊನೆಗೆ ಅಮೆರಿಕ ಸೇರಿ, 1967ರಲ್ಲಿ ಅಲ್ಲಿಯೇ ತೀರಿಕೊಂಡ. ಪೋರ್ಷೆ 1937ರಲ್ಲಿ ನಾಜಿ ಪಕ್ಷವನ್ನು ಸೇರಿದ.

1938ರ ಮೇ 26ರಂದು ಫಾಲರ್ಸ್‌ಲೇಬೆನ್ ಬಳಿ ಹಿಟ್ಲರ್ ಕಾರ್ಖಾನೆಗೆ ಅಡಿಗಲ್ಲಿಟ್ಟ. ಮೂರು ಲಕ್ಷಕ್ಕೂ ಹೆಚ್ಚು ಜನ ವಾರಕ್ಕೆ ಐದು ಮಾರ್ಕಿನ ಚೀಟಿ ಅಂಟಿಸಿ ಹಣ ಕೂಡಿಟ್ಟರು. ಒಬ್ಬರಿಗೂ ಆಗ ಕಾರು ಸಿಗಲಿಲ್ಲ. ಯುದ್ಧ ಬಂತು, ಕಾರ್ಖಾನೆ ಯುದ್ಧಸಾಮಗ್ರಿಗೆ ತಿರುಗಿತು. ಅಲ್ಲಿ ಸುಮಾರು 20,000 ಜನ ಬಲವಂತದ ದುಡಿಮೆಗೆ ಸಿಕ್ಕಿದರು. 1942ರಲ್ಲಿ ಮಗ್ಗುಲಲ್ಲಿಯೇ ಒಂದು ಯಾತನಾ ಶಿಬಿರ ಎದ್ದಿತು. ಪೋಲೆಂಡ್ ಮತ್ತು ರಷ್ಯದಿಂದ ಹಿಡಿದು ತಂದ ಹೆಂಗಸರ ಎಳೆಯ ಕೂಸುಗಳು ತಾಯಂದಿರಿಂದ ಬೇರ್ಪಟ್ಟು ರ‍್ಯೂಹೆನ್ ಎಂಬಲ್ಲಿ ಮುನ್ನೂರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಸತ್ತವು. ಆ ಕಾರ್ಖಾನೆಯ ಮುಖ್ಯಸ್ಥರಲ್ಲಿ ಒಬ್ಬ ಪೋರ್ಷೆ; ಇನ್ನೊಬ್ಬ ಅಳಿಯ ಪೀಯೆಖ್. ಆತ ರಾಜಕೀಯದ ಗೊಡವೆಯಿಲ್ಲದ ಬರಿಯ ಯಂತ್ರಪ್ರಿಯನೆಂದು ಬರೆದವರುಂಟು. ಹಾಗೆಂದು ನಾನೂ ಆ ದಿನ ಹೇಳಿದ್ದೆ. ಗೊಡವೆಯಿಲ್ಲದವನಿಗೆ ಕೈದಿಗಳು ಎಲ್ಲಿಂದ ಬರುತ್ತಿದ್ದರು?

ಯುದ್ಧ ಮುಗಿದು 1945ರ ಡಿಸೆಂಬರಿನಲ್ಲಿ ಫ್ರೆಂಚರು ಆತನನ್ನು ಬಂಧಿಸಿದರು. ಆರೋಪ ಪ್ಯೂಜೋ ಕಾರ್ಖಾನೆಗೆ ಸಂಬಂಧಿಸಿದುದು. ಅದು ಕೊನೆಗೆ ನಿಲ್ಲಲಿಲ್ಲ. ಎಪ್ಪತ್ತು ದಾಟಿದ ದೇಹ ದಿಜೋನ್ ಸೆರೆಮನೆಯ ಚಳಿಯಲ್ಲಿ ಜರ್ಜರಿತವಾಯಿತು. ಮಗ ಫೆರ‍್ರಿ ಒಂದು ಪಂದ್ಯದ ಕಾರನ್ನು ರೂಪಿಸಿಕೊಟ್ಟ ಹಣದಿಂದ ಜಾಮೀನು ಕಟ್ಟಿ, 1947ರ ಆಗಸ್ಟಿನಲ್ಲಿ ತಂದೆಯನ್ನು ಬಿಡಿಸಿಕೊಂಡ. ನಿಲ್ಲದ ಆರೋಪಕ್ಕೆ ಇಪ್ಪತ್ತು ತಿಂಗಳ ಸೆರೆ. ಆ ಕೂಸುಗಳ ವಿಷಯದಲ್ಲಿ ಯಾವ ನ್ಯಾಯಾಲಯವೂ ಆತನನ್ನು ಕರೆಯಲಿಲ್ಲ.

ಅದೇ ಮಗ ಆಸ್ಟ್ರಿಯದ ಗ್ಮ್ಯುಂಡ್ ಎಂಬ ಹಳ್ಳಿಯಲ್ಲಿ ಬೀಟಲಿನ 1,131 ಘನ ಸೆಂಟಿಮೀಟರಿನ ಇಂಜಿನನ್ನೇ ತುಸು ಹದಮಾಡಿ 356ನ್ನು ಕಟ್ಟಿದ. 1948ರ ಜೂನ್ 8ರಂದು ಅದು ರಸ್ತೆಗಿಳಿಯಲು ಅನುಮತಿ ದೊರೆಯಿತು. 1950ರ ನವೆಂಬರಿನಲ್ಲಿ ಮುದುಕ ತನ್ನ ಹಳೆಯ ಕಾರ್ಖಾನೆಗೆ ಹೋಗಿ ಸಾಲುಸಾಲಾಗಿ ಹೊರಬರುತ್ತಿದ್ದ ಬೀಟಲುಗಳನ್ನು ನೋಡಿ ಬಂದ. ಕೆಲದಿನಗಳಲ್ಲಿ ಪಾರ್ಶ್ವವಾಯು ಬಡಿಯಿತು. 1951ರ ಜನವರಿ 30ರಂದು ತೀರಿಕೊಂಡ.

ಕಾರನ್ನು ಮಾರಿಬಿಡಬೇಕೆಂದು ಒಮ್ಮೆ ಯೋಚಿಸಿದ್ದುಂಟು. ಈ ಕಥೆಯನ್ನೆಲ್ಲ ಭದ್ರಾವತಿಯಲ್ಲಿ, ಇಂಜಿನಿನ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು ಹೇಳಿದೆ. ಟರ್ನರು ಬಹಳ ಹೊತ್ತು ಸುಮ್ಮನಿದ್ದು, ಪಾಲು ಕಳೆದುಕೊಂಡವನ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಅನಂತರ ಫೀಲರ್ ಗೇಜನ್ನು ಕೇಳಿದರು. ಮುಂದಿನ ತಿಂಗಳು ಕಾಲೇಜಿನಲ್ಲಿ ಅದೇ ವಿಷಯದ ಮೇಲೆ ಮಾತನಾಡಲು ಒಂದು ಗಂಟೆಯ ಅವಕಾಶವನ್ನು ಕೇಳಿಕೊಂಡಿದ್ದೇನೆ. ಟರ್ನರೂ ಬರುತ್ತೇನೆಂದಿದ್ದಾರೆ, ಬೆಲ್ಟು ಹರಿಯದಿದ್ದರೆ ಇದೇ ಕಾರಿನಲ್ಲಿ.