ಡೊರೊಥಿಯಾ ಡಿಕ್ಸ್ ಎಂಬ ಟೀಚರ್

ಸುವರ್ಣ ಮಹೋತ್ಸವದ ಸಂಚಿಕೆಗೆ ಸಾಫ್ಟ್‌ವೇರ್ ಕ್ಷೇತ್ರದ ಬಗ್ಗೆ ಬರೆದುಕೊಡು ಎಂದು ನಮ್ಮ ಮೇಷ್ಟ್ರು ಫೋನ್ ಮಾಡಿದ್ದರು. ಅದನ್ನು ನನಗಿಂತ ಚೆನ್ನಾಗಿ ಬರೆಯುವವರು ನಮ್ಮ ಬ್ಯಾಚಿನಲ್ಲೇ ಇದ್ದಾರೆ. ನಾನು ಅಮೆರಿಕದ ಒಬ್ಬ ಟೀಚರ್ ಬಗ್ಗೆ ಬರೆಯುತ್ತೇನೆ. ಅದಕ್ಕೊಂದು ಕಾರಣವಿದೆ.

ನಾನು ಎಂಟನೇ ತರಗತಿಯಲ್ಲಿದ್ದಾಗ, ಶಾಲೆಗೆ ಬರುವ ದಾರಿಯ ಒಂದು ಮನೆಯ ಹಿಂದೆ, ದನದ ಕೊಟ್ಟಿಗೆಯಲ್ಲಿ ಒಬ್ಬ ಹೆಂಗಸನ್ನು ಸರಪಳಿ ಹಾಕಿ ಕಟ್ಟಿರುತ್ತಿದ್ದರು. ಬಾಣಂತನಕ್ಕೆ ತವರಿಗೆ ಬಂದವರಿಗೆ ಬುದ್ಧಿ ಕೆಟ್ಟಿತೆಂದು ಗಂಡನ ಮನೆಯವರು ಮತ್ತೆ ಕರೆದುಕೊಂಡು ಹೋಗಲೇ ಇಲ್ಲ. ನಾವು ಹುಡುಗರು ಗೋಡೆಯ ಸಂದಿಯಲ್ಲಿ ಇಣುಕಿ, ಕೂಗಿ ಓಡುತ್ತಿದ್ದೆವು. ಕಲ್ಲು ಎಸೆದದ್ದೂ ಉಂಟು. ನಾನೂ ಎಸೆದಿದ್ದೇನೆ. ಒಂದು ದಿನ ಆಕೆ ನನ್ನ ಯೂನಿಫಾರ್ಮ್ ನೋಡಿ ಎಷ್ಟನೇ ಕ್ಲಾಸು ಎಂದು ಕೇಳಿದರು. ಅವರೂ ಇದೇ ಶಾಲೆಯಲ್ಲಿ ಓದಿದವರು ಎಂಬುದು ನನಗೆ ಗೊತ್ತಾದದ್ದು ಅವರು ತೀರಿಕೊಂಡ ಮೇಲೆ. ಕೆಲಸಕ್ಕೆ ಸೇರಿದ ಮೇಲೆ ಡಿಕ್ಸ್ ಅವರ ಜೀವನವನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಆ ಕೊಟ್ಟಿಗೆ.

ಡೊರೊಥಿಯಾ ಡಿಕ್ಸ್ ಹುಟ್ಟಿದ್ದು 1802ರಲ್ಲಿ, ಮೇನ್ ಪ್ರಾಂತ್ಯದ ಹ್ಯಾಂಪ್ಡೆನ್ ಎಂಬ ಊರಿನಲ್ಲಿ. ತಂದೆ ಊರೂರು ಸುತ್ತುವ ಧರ್ಮಬೋಧಕ. ಮನೆಯಲ್ಲಿ ನೆಮ್ಮದಿ ಇರಲಿಲ್ಲ. ಹನ್ನೆರಡರ ವಯಸ್ಸಿಗೆ ಮನೆ ಬಿಟ್ಟು ಬಾಸ್ಟನ್‌ನ ಅಜ್ಜಿಯ ಹತ್ತಿರ ಬಂದರು. ಹದಿನಾಲ್ಕಕ್ಕೇ ವೂಸ್ಟರ್ ಎಂಬಲ್ಲಿ ಚಿಕ್ಕ ಮಕ್ಕಳಿಗೆ ಶಾಲೆ ತೆರೆದರು. ಮುಂದೆ ಬಾಸ್ಟನ್‌ನಲ್ಲೂ ಶಾಲೆ ನಡೆಸಿದರು, ಮಕ್ಕಳಿಗೆ ಪುಸ್ತಕ ಬರೆದರು. ಶ್ವಾಸಕೋಶದ ಕಾಯಿಲೆ ಬಹುಕಾಲ ಕಾಡಿತು. 1836ರಲ್ಲಿ ಪೂರ್ತಿ ಕುಸಿದುಹೋಗಿ, ಪಾಠ ನಿಲ್ಲಿಸಿ ಇಂಗ್ಲೆಂಡಿಗೆ ಹೋಗಿ ಚೇತರಿಸಿಕೊಂಡು ಬಂದರು. ಮದುವೆಯಾಗಲಿಲ್ಲ. ಅಜ್ಜಿ ಬಿಟ್ಟುಹೋದ ಹಣದಲ್ಲಿ ಸುಮ್ಮನೆ ಬದುಕಬಹುದಿತ್ತು.

1841ರ ಮಾರ್ಚ್ ತಿಂಗಳ ಒಂದು ಭಾನುವಾರ, ಈಸ್ಟ್ ಕೇಂಬ್ರಿಜ್ ಜೈಲಿನ ಹೆಣ್ಣು ಕೈದಿಗಳಿಗೆ ಧರ್ಮದ ಪಾಠ ಹೇಳಿಕೊಡಲು ಹೋದರು. ಅಲ್ಲಿ ಯಾವ ತಪ್ಪೂ ಮಾಡದ, ಮನಸ್ಸಿನ ಕಾಯಿಲೆಯ ಹೆಂಗಸರನ್ನೂ ಕೂಡಿಹಾಕಿದ್ದರು. ಹೊರಗೆ ಕೊರೆಯುವ ಚಳಿ, ಅವರ ಕೋಣೆಗೆ ಮಾತ್ರ ಬೆಂಕಿಯಿಲ್ಲ. ಯಾಕೆಂದು ಕೇಳಿದರೆ, ಹುಚ್ಚರಿಗೆ ಚಳಿ ಗೊತ್ತಾಗುವುದಿಲ್ಲ ಎಂಬ ಉತ್ತರ ಬಂತು. ಈ ಮಾತು ನಮ್ಮೂರಿನಲ್ಲೂ ಕೇಳಿದ್ದೇನೆ, ಚಳಿಗಲ್ಲ, ಹಸಿವಿಗೆ. ಡಿಕ್ಸ್ ವಾದಕ್ಕೆ ನಿಲ್ಲಲಿಲ್ಲ. ಕೋರ್ಟಿಗೆ ಹೋಗಿ ಆ ಕೋಣೆಗೆ ಒಲೆ ಹಾಕಿಸಿದರು.

ಆಮೇಲೆ ಅವರು ಮಾಡಿದ ಕೆಲಸ ನಮ್ಮಂಥ ಎಂಜಿನಿಯರುಗಳಿಗೆ ಬಹಳ ಹಿಡಿಸುತ್ತದೆ. ಸುಮಾರು ಎರಡು ವರ್ಷ ಮ್ಯಾಸಚೂಸೆಟ್ಸ್ ರಾಜ್ಯದ ಜೈಲು, ಬಡವರ ಆಶ್ರಯಮನೆಗಳಿಗೆಲ್ಲ ತಾವೇ ಹೋಗಿ, ಊರಿನ ಹೆಸರು ಹಾಕಿ, ಕಂಡದ್ದನ್ನು ಬರೆದಿಟ್ಟುಕೊಂಡರು. ನೆಲಮಾಳಿಗೆ, ಬೋನು, ದೊಡ್ಡಿಗಳಲ್ಲಿ ಬಟ್ಟೆಯಿಲ್ಲದೆ, ಸರಪಳಿಯಲ್ಲಿ ಜನ ಇದ್ದರು. 1843ರಲ್ಲಿ ಅದನ್ನೆಲ್ಲ ಮನವಿಯಾಗಿ ಶಾಸನಸಭೆಗೆ ಸಲ್ಲಿಸಿದರು. ಆಗ ಹೆಂಗಸರಿಗೆ ಓಟು ಕೂಡ ಇರಲಿಲ್ಲ. ಮನವಿಯನ್ನು ಸಭೆಯ ಮುಂದಿಟ್ಟವರು ಶಾಸಕರಾಗಿದ್ದ ಡಾ. ಸ್ಯಾಮ್ಯುಯೆಲ್ ಹೌ.

ಆ ಮನವಿಯಲ್ಲಿ ಒಬ್ಬ ಯುವತಿಯ ಕಥೆ ಬರುತ್ತದೆ. ಆಗ ದಿಕ್ಕಿಲ್ಲದವರನ್ನು ಊರಿನವರು ವರ್ಷಕ್ಕೊಮ್ಮೆ ಹರಾಜು ಹಾಕುತ್ತಿದ್ದರು. ನಮ್ಮ ಟೆಂಡರಿನ ಹಾಗೆ, ಕಡಿಮೆ ದುಡ್ಡಿಗೆ ಸಾಕುತ್ತೇನೆ ಎಂದವರಿಗೆ ಕೊಡುವುದು. ಬೋನು, ಸರಪಳಿ, ಚಾವಟಿಯಲ್ಲೇ ವರ್ಷಗಳನ್ನು ಕಳೆದಿದ್ದ ಅವಳನ್ನು ಒಂದು ವರ್ಷ ವಯಸ್ಸಾದ ದಂಪತಿ ಒಪ್ಪಿಕೊಂಡರು. ಸರಪಳಿ ಬಿಚ್ಚಿದರು, ಸ್ನಾನ ಮಾಡಿಸಿದರು, ಬಟ್ಟೆ ಕೊಟ್ಟರು, ಊಟ ಹಾಕಿದರು. ಅವಳು ಶಾಂತಳಾದಳು. ಔಷಧವೇ ಇಲ್ಲದ ಕಾಲ ಅದು.

ಡಿಕ್ಸ್ ಹೇಳುತ್ತಿರುವುದೆಲ್ಲ ಉತ್ಪ್ರೇಕ್ಷೆ ಎಂದವರೂ ಇದ್ದರು. ಆದರೂ ವೂಸ್ಟರ್ ಆಸ್ಪತ್ರೆಯನ್ನು ದೊಡ್ಡದು ಮಾಡಲು ಸಭೆ ಒಪ್ಪಿತು. ನನಗೆ ಮುಖ್ಯವೆನಿಸಿದ್ದು ಇನ್ನೊಂದು. ಕಾವಲಿನವರು ಕ್ರೂರಿಗಳು ಎಂಬುದು ಅವರ ದೂರಾಗಿರಲಿಲ್ಲ. ರೋಗಿಗೆ ಜಾಗವಿಲ್ಲ, ನೋಡಿಕೊಳ್ಳುವವರಿಗೆ ತಿಳಿವಳಿಕೆಯಿಲ್ಲ, ಅದಕ್ಕೆ ರಾಜ್ಯವೇ ಹೊಣೆ ಎಂಬುದು ಅವರ ವಾದ.

ನ್ಯೂಜೆರ್ಸಿಯ ಟ್ರೆಂಟನ್‌ನಲ್ಲಿ 1848ರಲ್ಲಿ ಆಸ್ಪತ್ರೆ ಶುರುವಾಯಿತು. ಹೀಗೆ ಮೂವತ್ತಕ್ಕೂ ಹೆಚ್ಚು ಆಸ್ಪತ್ರೆಗಳು ಹುಟ್ಟಲು ಅಥವಾ ಬೆಳೆಯಲು ಅವರು ಓಡಾಡಿದರು. ಮನೋರೋಗಿಗಳು ಮತ್ತು ಅಂಗವಿಕಲರ ಆರೈಕೆಗಾಗಿ ಸುಮಾರು 1 ಕೋಟಿ 22 ಲಕ್ಷ ಎಕರೆ ಸರ್ಕಾರಿ ಭೂಮಿ ಮೀಸಲಿಡುವ ಮಸೂದೆ 1854ರಲ್ಲಿ ಎರಡೂ ಸದನಗಳಲ್ಲಿ ಪಾಸಾಯಿತು. ಅದು ರಾಜ್ಯಗಳ ಕೆಲಸವೆಂದು ಅಧ್ಯಕ್ಷ ಪಿಯರ್ಸ್ ಸಹಿ ಹಾಕದೆ ತಳ್ಳಿಹಾಕಿದರು. ಆರು ವರ್ಷಗಳ ದುಡಿಮೆ ನೀರುಪಾಲಾಯಿತು. ಅಂತರ್ಯುದ್ಧದ ಕಾಲದಲ್ಲಿ ಸೈನ್ಯದ ನರ್ಸ್‌ಗಳ ಮುಖ್ಯಸ್ಥೆಯಾಗಿದ್ದರು. ಬಲು ಕಟ್ಟುನಿಟ್ಟು, ವೈದ್ಯರೊಂದಿಗೆ ಜಗಳ ತಪ್ಪುತ್ತಿರಲಿಲ್ಲವಂತೆ. ದಕ್ಷಿಣದ ರಾಜ್ಯಗಳಲ್ಲಿ ತಿರುಗಾಡುವಾಗ ಗುಲಾಮಗಿರಿಯ ಬಗ್ಗೆ ಬಾಯಿ ಬಿಡಲಿಲ್ಲ ಎಂಬುದೊಂದು ನನಗೆ ಒಪ್ಪಿಗೆಯಾಗದ ವಿಷಯ. ಅವರು ಕಟ್ಟಿಸಿದ ಆಸ್ಪತ್ರೆಗಳೂ ಮುಂದೆ ಜನ ತುಂಬಿ ಕೆಟ್ಟವು.

1881ರಲ್ಲಿ ಆರೋಗ್ಯ ಕೆಟ್ಟಾಗ ಟ್ರೆಂಟನ್ ಆಸ್ಪತ್ರೆಯವರೇ ಅವರಿಗೆ ಇರಲು ಜಾಗ ಕೊಟ್ಟರು. ತಮ್ಮ ಚೊಚ್ಚಲ ಮಗುವೆಂದು ಅವರು ತಿಳಿದಿದ್ದ ಆ ಆಸ್ಪತ್ರೆಯಲ್ಲೇ 1887ರ ಜುಲೈನಲ್ಲಿ ತೀರಿಕೊಂಡರು.

ಕಳೆದ ವರ್ಷ ಊರಿಗೆ ಬಂದಾಗ ಆ ಕೊಟ್ಟಿಗೆಯ ಮನೆಗೆ ಹೋಗಿದ್ದೆ. ಅವರ ಅಣ್ಣನಿಗೆ ಈಗ ವಯಸ್ಸಾಗಿದೆ. ಹರಕೆ, ಮಂತ್ರ, ತಾಯತ ಎಂದು ಎರಡು ಎಕರೆ ಮಾರಿದರಂತೆ. ಎಲ್ಲಿಗೆ ಕರೆದುಕೊಂಡು ಹೋಗಬೇಕೆಂದು ಯಾರೂ ಹೇಳಲಿಲ್ಲ, ಬಾವಿಗೆ ಬಿದ್ದಾಳೆಂಬ ಹೆದರಿಕೆಗೆ ಕಟ್ಟಿದೆವು ಎಂದರು. ಈಗ 2017ರ ಕಾಯ್ದೆ ಪ್ರಕಾರ ಮನೋರೋಗಿಯನ್ನು ಸರಪಳಿಯಲ್ಲಿ ಕಟ್ಟುವಂತಿಲ್ಲ. ಟೆಲಿ ಮನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬಾಣಂತಿಗೆ ನಿದ್ದೆಯಿಲ್ಲದೆ, ಮಾತು ಬದಲಾಗಿ, ಮಗುವನ್ನು ಗುರುತಿಸದಂತಾದರೆ ಅದು ಗ್ರಹಚಾರವಲ್ಲ, ಚಿಕಿತ್ಸೆ ಇರುವ ಕಾಯಿಲೆ. ತಡಮಾಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ಈ ಸಂಚಿಕೆಯ ಕೊನೆಯಲ್ಲಿ ಹಳೆಯ ವಿದ್ಯಾರ್ಥಿಗಳ ಪಟ್ಟಿ ಬರಲಿದೆಯಂತೆ. ದಾಖಲಾತಿ ಪುಸ್ತಕ ನೋಡಿ ಅವರ ಹೆಸರನ್ನೂ ಅವರ ಬ್ಯಾಚಿನಲ್ಲಿ ಸೇರಿಸಿ ಎಂದು ಮೇಷ್ಟ್ರಲ್ಲಿ ಕೇಳಿಕೊಂಡಿದ್ದೇನೆ.