ಸ್ಟೀಫನ್ ಪ್ಯಾಜೆಟ್: ಬೀಜದ ಜೊತೆಗೆ ಮಣ್ಣನ್ನೂ ನೋಡಿದ ವೈದ್ಯ

ಹತ್ತನೇ ತರಗತಿಗೆ ರಕ್ತಪರಿಚಲನೆಯ ಪಾಠ ಮಾಡುವ ಸಹ-ಪ್ರಶಿಕ್ಷಣಾರ್ಥಿಗಳಿಗೆ ಒಬ್ಬ ವೈದ್ಯರ ಜೀವನವನ್ನು ಪರಿಚಯಿಸುವುದು ಈ ಬರಹದ ಉದ್ದೇಶ. ರಕ್ತನಾಳಗಳು ಆಮ್ಲಜನಕವನ್ನೂ ಆಹಾರವನ್ನೂ ಒಯ್ಯುತ್ತವೆ ಎಂದು ನಾವು ಕಲಿಸುತ್ತೇವೆ. ಕ್ಯಾನ್ಸರ್ ಕೋಶಗಳು ಸಾಗುವುದೂ ಇದೇ ದಾರಿಯಲ್ಲಿ. ಆದರೆ ರಕ್ತ ಎಲ್ಲ ಅಂಗಗಳಿಗೂ ಹೋಗುವಾಗ, ಕ್ಯಾನ್ಸರ್ ಕೆಲವು ಅಂಗಗಳಲ್ಲಿ ಮಾತ್ರ ಹೆಚ್ಚಾಗಿ ಬೇರೂರುವುದು ಏಕೆ? ಈ ಪ್ರಶ್ನೆಯನ್ನು ಲೆಕ್ಕವಿಟ್ಟು ಕೇಳಿದವರು ಸ್ಟೀಫನ್ ಪ್ಯಾಜೆಟ್.

ಪ್ಯಾಜೆಟ್ ಹುಟ್ಟಿದ್ದು 1855ರಲ್ಲಿ, ಇಂಗ್ಲೆಂಡಿನಲ್ಲಿ. ತಂದೆ ಸರ್ ಜೇಮ್ಸ್ ಪ್ಯಾಜೆಟ್ ಆ ಕಾಲದ ಹೆಸರಾಂತ ಶಸ್ತ್ರವೈದ್ಯರು. ಮೂಳೆಯ ಒಂದು ರೋಗಕ್ಕೆ ಇಟ್ಟಿರುವ ಪ್ಯಾಜೆಟ್ ಎಂಬ ಹೆಸರು ತಂದೆಯದು, ಮಗನದಲ್ಲ. ಮಗನೂ ಶಸ್ತ್ರವೈದ್ಯರಾಗಿ ಲಂಡನ್ನಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದರು.

1889ರಲ್ಲಿ ಅವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಅದಕ್ಕಾಗಿ ಸ್ತನ ಕ್ಯಾನ್ಸರಿನಿಂದ ಸತ್ತ 735 ಮಂದಿಯ ಮರಣೋತ್ತರ ಪರೀಕ್ಷೆಯ ದಾಖಲೆಗಳನ್ನು ಒಟ್ಟುಗೂಡಿಸಿದ್ದರು. ಯಕೃತ್ತು ಮತ್ತು ಗುಲ್ಮ ಎರಡಕ್ಕೂ ಒಂದೇ ಅಪಧಮನಿಯ ಕವಲುಗಳಿಂದ ರಕ್ತ ಬರುತ್ತದೆ. ಹರಡುವಿಕೆ ಬರೀ ರಕ್ತದ ಹರಿವಿನ ವಿಷಯವಾಗಿದ್ದರೆ ಎರಡರಲ್ಲೂ ಗೆಡ್ಡೆಗಳು ಹೆಚ್ಚುಕಡಿಮೆ ಸಮನಾಗಿ ಕಾಣಬೇಕಿತ್ತು. ಆದರೆ ಯಕೃತ್ತಿನಲ್ಲಿ 241 ಮಂದಿಗೆ ಗೆಡ್ಡೆಗಳಿದ್ದರೆ, ಗುಲ್ಮದಲ್ಲಿ ಇದ್ದದ್ದು 17 ಮಂದಿಗೆ ಮಾತ್ರ. ಬೀಜ ಎಲ್ಲ ಕಡೆಗೂ ಚೆಲ್ಲುತ್ತದೆ, ಒಗ್ಗುವ ಮಣ್ಣು ಸಿಕ್ಕಿದಲ್ಲಿ ಮಾತ್ರ ಮೊಳೆಯುತ್ತದೆ ಎಂಬುದು ಅವರ ತೀರ್ಮಾನ. ಆದ್ದರಿಂದ ಬೀಜದ ಜೊತೆಗೆ ಮಣ್ಣನ್ನೂ ಅಧ್ಯಯನ ಮಾಡಬೇಕೆಂದು ಅವರು ವಾದಿಸಿದರು.

ಅವರ ಎಲ್ಲ ಮಾತುಗಳೂ ನಿಜವಾಗಲಿಲ್ಲ. ಹೃದಯದ ಶಸ್ತ್ರಚಿಕಿತ್ಸೆ ಬಹುಶಃ ನಿಸರ್ಗ ಹಾಕಿದ ಎಲ್ಲೆಯನ್ನು ಮುಟ್ಟಿದೆ ಎಂದು 1896ರ ತಮ್ಮ ಪುಸ್ತಕದಲ್ಲಿ ಬರೆದರು. ಅದೇ ವರ್ಷ ಜರ್ಮನಿಯಲ್ಲಿ ಲುಡ್ವಿಗ್ ರೆನ್ ಗಾಯಗೊಂಡ ಹೃದಯಕ್ಕೆ ಹೊಲಿಗೆ ಹಾಕಿ ರೋಗಿಯನ್ನು ಉಳಿಸಿದರು. ವಿಜ್ಞಾನಿಯ ಮಾತನ್ನು ಹೆಸರು ನೋಡಿ ಅಲ್ಲ, ಪುರಾವೆ ನೋಡಿ ಒಪ್ಪಬೇಕು ಎಂದು ಮಕ್ಕಳಿಗೆ ಹೇಳಲು ಇದು ಒಳ್ಳೆಯ ಉದಾಹರಣೆ.

ಪ್ರಾಣಿ ಪ್ರಯೋಗಗಳಿಗೆ ಬ್ರಿಟನ್ನಿನಲ್ಲಿ ತೀವ್ರ ವಿರೋಧವಿದ್ದ ಕಾಲ ಅದು. 1908ರಲ್ಲಿ ಪ್ಯಾಜೆಟ್ ಅವುಗಳ ಪರವಾಗಿ ಸಂಶೋಧನಾ ರಕ್ಷಣಾ ಸಂಘವನ್ನು ಸ್ಥಾಪಿಸಿದರು. 1926ರಲ್ಲಿ ತೀರಿಕೊಂಡರು. ಎರಡೇ ವರ್ಷಗಳಲ್ಲಿ ಅಮೆರಿಕದ ಜೇಮ್ಸ್ ಯೂಯಿಂಗ್ ರಕ್ತನಾಳಗಳ ರಚನೆಯೇ ಹರಡುವಿಕೆಯನ್ನು ವಿವರಿಸಬಲ್ಲದು ಎಂದು ವಾದಿಸಿದರು. ಪ್ಯಾಜೆಟ್ ಅವರ ವಿಚಾರ ಬಹುಕಾಲ ಹಿಂದೆ ಸರಿಯಿತು.

ಅದನ್ನು ಮತ್ತೆ ಮುಂದೆ ತಂದದ್ದು ಇಲಿಗಳು. 1980ರಲ್ಲಿ ಇಯಾನ್ ಹಾರ್ಟ್ ಮತ್ತು ಐಸಾಯ ಫಿಡ್ಲರ್ ಇಲಿಗಳಿಗೆ ಶ್ವಾಸಕೋಶ, ಅಂಡಾಶಯ, ಮೂತ್ರಪಿಂಡಗಳ ಅಂಗಾಂಶದ ಚೂರುಗಳನ್ನು ಬೇರೆ ಜಾಗದಲ್ಲಿ ಕಸಿ ಮಾಡಿದರು. ಬಳಿಕ ಮೆಲನೋಮ ಎಂಬ ಕ್ಯಾನ್ಸರಿನ ಕೋಶಗಳನ್ನು ಅಭಿಧಮನಿಗೆ ಚುಚ್ಚಿದರು. ಕೋಶಗಳು ಮೂತ್ರಪಿಂಡದ ಚೂರಿಗೂ ತಲುಪಿದ್ದವು. ಆದರೆ ಗೆಡ್ಡೆ ಬೆಳೆದದ್ದು ಇಲಿಯ ಸ್ವಂತ ಶ್ವಾಸಕೋಶದಲ್ಲಿ ಮತ್ತು ಕಸಿ ಮಾಡಿದ ಶ್ವಾಸಕೋಶ, ಅಂಡಾಶಯಗಳಲ್ಲಿ ಮಾತ್ರ. ತಲುಪುವುದು ಬೇರೆ, ಬೆಳೆಯುವುದು ಬೇರೆ ಎಂದು ಸ್ಪಷ್ಟವಾಯಿತು. ಹಾಗೆಂದು ಯೂಯಿಂಗ್ ಹೇಳಿದ್ದೂ ಸುಳ್ಳಲ್ಲ. ದೊಡ್ಡ ಕರುಳಿನ ಕ್ಯಾನ್ಸರ್ ಹೆಚ್ಚಾಗಿ ಯಕೃತ್ತಿಗೆ ಹೋಗಲು ಕರುಳಿನ ರಕ್ತ ಮೊದಲು ಅಲ್ಲಿಗೇ ಹರಿಯುವುದೂ ಒಂದು ಕಾರಣ.

ನನ್ನ ಅಭ್ಯಾಸ ಪಾಠದ ನಂತರ ಒಬ್ಬ ವಿದ್ಯಾರ್ಥಿನಿ ಬಂದು, ಸೋದರತ್ತೆಗೆ ಸ್ತನ ಕ್ಯಾನ್ಸರ್ ಆಗಿ ಈಗ ಲಿವರ್‌ಗೂ ಬಂದಿದೆ, ಇದು ಎರಡನೇ ಕಾಯಿಲೆಯೇ ಎಂದು ಕೇಳಿದಳು. ಅಲ್ಲ, ಅಲ್ಲಿ ಬೆಳೆದಿರುವುದೂ ಸ್ತನದಿಂದ ಹೋದ ಕೋಶಗಳೇ, ಅದಕ್ಕೇ ವೈದ್ಯರು ಅದನ್ನು ಸ್ತನ ಕ್ಯಾನ್ಸರ್ ಎಂದೇ ಕರೆಯುತ್ತಾರೆ ಎಂದು ರಕ್ತನಾಳಗಳ ಚಿತ್ರ ಬರೆದು ತೋರಿಸಿದೆ. ಪುಸ್ತಕದ ಪಾಠ ಅವಳಿಗೆ ಮನೆಯ ಮಾತಾಗಿತ್ತು.

ಈ ಪಾಠಕ್ಕೆ ನನ್ನ ಸಲಹೆ ಇಷ್ಟು: 241 ಮತ್ತು 17 ಎಂಬ ಎರಡು ಸಂಖ್ಯೆಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಕಾರಣವನ್ನು ಮಕ್ಕಳೇ ಊಹಿಸಲಿ. ಇಲಿಗಳ ಪ್ರಯೋಗವನ್ನು ಆಮೇಲೆ ಹೇಳೋಣ. ಆ ಉತ್ತರಕ್ಕಾಗಿ ಇಲಿಗಳು ಪ್ರಾಣ ತೆತ್ತವು ಎಂಬುದನ್ನೂ ಮರೆಮಾಚದೆ ಹೇಳೋಣ.