ಹೆಸರಿನಲ್ಲೇ ನಾಡನ್ನು ಹೊತ್ತ ಗಾನಕೋಗಿಲೆ ಅಮೀರ್‌ಬಾಯಿ ಕರ್ನಾಟಕಿ

ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಅದಕ್ಕೂ ದಶಕಗಳ ಮೊದಲೇ ಆ ಹೆಸರನ್ನು ತಮ್ಮ ಹೆಸರಿನೊಡನೆ ಧರಿಸಿ, ಹಿಂದಿ ಚಿತ್ರಗೀತೆಗಳ ಮೂಲಕ ದೇಶದ ಮನೆಮಾತಾದವರು ಅಮೀರ್‌ಬಾಯಿ ಕರ್ನಾಟಕಿ.

ಅಂದಿನ ವಿಜಾಪುರ ಜಿಲ್ಲೆಯ, ಈಗ ಬಾಗಲಕೋಟೆ ಜಿಲ್ಲೆಗೆ ಸೇರಿರುವ ಬೀಳಗಿ ಅವರ ಹುಟ್ಟೂರು. ಕಲಾವಿದರ ಮನೆತನದ ಕುಡಿ. ಸಹೋದರಿ ಗೋಹರಬಾಯಿ ನಟಿ-ಗಾಯಕಿಯಾಗಿ ಹೆಸರಾಗಿ, ಮರಾಠಿ ರಂಗಭೂಮಿಯ ಬಾಲಗಂಧರ್ವರ ಕೈಹಿಡಿದರು. ಆ ಕಾಲಕ್ಕೆ ವಿಜಾಪುರದಿಂದ ಖಾನಾಪುರದ ಗುಂಜಿಯವರೆಗಿನ ಸೀಮೆಯೆಲ್ಲ ಮುಂಬಯಿ ಪ್ರಾಂತ್ಯದಲ್ಲಿತ್ತು. ಕನ್ನಡದ ಕಂಪನಿ ನಾಟಕವೂ ಮರಾಠಿಯ ಸಂಗೀತ ನಾಟಕವೂ ಅಕ್ಕಪಕ್ಕದಲ್ಲೇ ಬೆಳೆದ ನೆಲವಿದು. ಇಲ್ಲಿನ ಕಲಾವಿದರಿಗೆ ಬೆಂಗಳೂರಿಗಿಂತ ಮುಂಬಯಿಯೇ ಸಮೀಪವೆನಿಸಿದ್ದರಲ್ಲಿ ಅಚ್ಚರಿಯಿಲ್ಲ.

1934ರಲ್ಲಿ 'ವಿಷ್ಣುಭಕ್ತಿ' ಚಿತ್ರದಿಂದ ಅವರ ಸಿನಿಮಾ ಪಯಣ ಆರಂಭವಾಯಿತು. ಆದರೆ ಕೀರ್ತಿ ಒಲಿಯಲು ಹತ್ತಿರ ಹತ್ತಿರ ಒಂದು ದಶಕವೇ ಬೇಕಾಯಿತು. 1943ರಲ್ಲಿ ಬಾಂಬೆ ಟಾಕೀಸ್‌ನ 'ಕಿಸ್ಮತ್' ತೆರೆಕಂಡಿತು. ಅನಿಲ್ ಬಿಸ್ವಾಸ್ ಸಂಗೀತದಲ್ಲಿ ಅಮೀರ್‌ಬಾಯಿ ಹಾಡಿದ ಗೀತೆಗಳು ಬೀದಿಬೀದಿಯಲ್ಲಿ ಮೊಳಗಿದವು. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಚಿತ್ರ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಕವಿ ಪ್ರದೀಪ್ ರಚಿಸಿದ್ದ ದೇಶಭಕ್ತಿ ಗೀತೆಯೊಂದರಲ್ಲಿ ಜರ್ಮನ್, ಜಪಾನಿಗಳ ಹೆಸರಿದ್ದುದರಿಂದ ಬ್ರಿಟಿಷರ ಸೆನ್ಸಾರ್ ಅದನ್ನು ತಡೆಯಲಿಲ್ಲ. ಜನ ಮಾತ್ರ ಅದನ್ನು ಬ್ರಿಟಿಷರಿಗೇ ಹೇಳಿದ ಮಾತೆಂದು ಗ್ರಹಿಸಿದರು. ಕ್ವಿಟ್ ಇಂಡಿಯಾ ಚಳವಳಿಯ ಮರುವರ್ಷ ಆ ದನಿಯಲ್ಲಿ ಬೀಳಗಿಯ ಹೆಣ್ಣುಮಗಳೊಬ್ಬಳ ಕಂಠವೂ ಬೆರೆತಿತ್ತು.

ನೌಷಾದ್‌ರ 'ರತನ್' (1944), ಸಿ. ರಾಮಚಂದ್ರರ 'ಶಹನಾಯಿ' (1947) ಚಿತ್ರಗಳು ಅವರ ಖ್ಯಾತಿಯನ್ನು ಇಮ್ಮಡಿಗೊಳಿಸಿದವು. ಗುಜರಾತಿ ಚಿತ್ರಗಳಲ್ಲೂ ಅವರ ಕಂಠ ಜನಪ್ರಿಯವಾಯಿತು. 1948ರಲ್ಲಿ 'ಶಹನಾಜ್' ಚಿತ್ರಕ್ಕೆ ಸ್ವತಃ ಸಂಗೀತ ನೀಡಿದರು. ಸಂಗೀತ ನಿರ್ದೇಶನದಲ್ಲಿ ಮಹಿಳೆಯರು ಬೆರಳೆಣಿಕೆಯಷ್ಟೇ ಇದ್ದ ದಿನಗಳವು.

ಬದುಕು ಹಾಡಿನಷ್ಟು ಇಂಪಾಗಿರಲಿಲ್ಲ. ಖಳನಟ ಹಿಮಾಲಯವಾಲಾ ಜೊತೆಗಿನ ದಾಂಪತ್ಯ ನೋವನ್ನೇ ತಂದು, ವಿಚ್ಛೇದನದಲ್ಲಿ ಕೊನೆಗೊಂಡಿತು. ದೇಶ ವಿಭಜನೆಯಾದಾಗ ಆತ ಪಾಕಿಸ್ತಾನಕ್ಕೆ ತೆರಳಿದರು. ಅಮೀರ್‌ಬಾಯಿ ಇಲ್ಲೇ ಉಳಿದು, ಮುಂದೆ ಪತ್ರಕರ್ತ ಬದರಿ ಕಾಂಚವಾಲಾ ಅವರನ್ನು ವರಿಸಿ ನೆಮ್ಮದಿ ಕಂಡರು.

ಅಷ್ಟರಲ್ಲಿ ಚಿತ್ರಸಂಗೀತದ ಅಭಿರುಚಿಯೇ ಬದಲಾಗಿತ್ತು. 1949ರಲ್ಲಿ 'ಮಹಲ್', 'ಬರಸಾತ್' ಚಿತ್ರಗಳೊಡನೆ ಲತಾ ಮಂಗೇಶ್ಕರ್ ಅವರ ತೆಳುದನಿ ಮುಂಚೂಣಿಗೆ ಬಂದಿತು. ಬೈಠಕ್ಕು, ರಂಗಭೂಮಿಗಳ ಜಾಡಿನ ತುಂಬುಕಂಠಗಳು ಹಿಂದೆ ಸರಿದವು. ಅಮೀರ್‌ಬಾಯಿ ಸಣ್ಣಪುಟ್ಟ ಪಾತ್ರಗಳಿಗೆ ತೃಪ್ತಿಪಡಬೇಕಾಯಿತು. ಆದರೂ ತವರನ್ನು ಮರೆಯಲಿಲ್ಲ. ವಿಜಾಪುರದ ಅಮೀರ್ ಟಾಕೀಸ್ ಅವರದೇ ಕೊಡುಗೆ.

1965ರ ಮಾರ್ಚ್‌ನಲ್ಲಿ ಅವರು ನಿಧನರಾದರು. ಬಹುಕಾಲ ಮರೆಯಲ್ಲಿದ್ದ ಈ ಬದುಕನ್ನು ಲೇಖಕ ರಹಮತ್ ತರೀಕೆರೆ ತಮ್ಮ ಕೃತಿಯ ಮೂಲಕ ಕನ್ನಡಿಗರಿಗೆ ಮತ್ತೆ ಪರಿಚಯಿಸಿದರು. ತಮ್ಮ ನಾಡಿಗೆ ಅಧಿಕೃತವಾಗಿ ಕರ್ನಾಟಕವೆಂಬ ಹೆಸರು ಬಂದುದನ್ನು ಕಾಣಲು ಅಮೀರ್‌ಬಾಯಿ ಉಳಿದಿರಲಿಲ್ಲ. ಆದರೆ ಗ್ರಾಮಫೋನ್ ತಟ್ಟೆಗಳ ಮೇಲೆ ಆ ಹೆಸರನ್ನು ಅವರು ಆಗಲೇ ದೇಶದುದ್ದಕ್ಕೂ ಕೊಂಡೊಯ್ದಿದ್ದರು.